ಡಬಲ್ ಬೇಸ್‌ಗೆ ಬೈಕಂಪಾಡಿಯ ಪಾಲಿಶ್

ಬೈಕಂಪಾಡಿ

ಜರ್ಮನಿಗೆ ಹೊರಡುವ ಒಂದು ತಿಂಗಳ ಮೊದಲು ನಾನು ನನ್ನ ಸೋದರಮಾವನ ಜೊತೆ ಒಂದು ವಾದ ಮಾಡಿ ಗೆದ್ದಿದ್ದೆ. ಪ್ರವಾಸದಲ್ಲಿ ನಡೆದದ್ದೆಲ್ಲ ಆ ಗೆಲುವಿನಿಂದಲೇ ನಡೆದದ್ದು. ಹಾಗಾಗಿ ಮೊದಲು ಅದನ್ನು ಹೇಳಿ ಮುಗಿಸುತ್ತೇನೆ.

ವಿಷಯ ಒಂದು ಡಬಲ್ ಬೇಸ್. ನೋಡದವರು ಆಳೆತ್ತರದ ಪಿಟೀಲನ್ನು ಕಲ್ಪಿಸಿಕೊಳ್ಳಿ. ನಿಂತುಕೊಂಡು, ತಬ್ಬಿಕೊಂಡ ಹಾಗೆ ಹಿಡಿದು ನುಡಿಸಬೇಕು. ಮಂಗಳೂರಿನ ನಮ್ಮ ಚರ್ಚಿನಲ್ಲಿ ಹಾಡುವವರು ಕೂರುವ ಅಟ್ಟಳಿಗೆಯ ಮೂಲೆಯಲ್ಲಿ ಅದು ನನ್ನ ಅಮ್ಮ ಹುಟ್ಟುವ ಮೊದಲಿನಿಂದ ನಿಂತಿದೆ. ನನ್ನ ಅಜ್ಜ ಪೀಟರ್ ಪಿಟೀಲು ರಿಪೇರಿ ಮಾಡುತ್ತಿದ್ದವರು, ಅವರ ಮಗ ಲಾರೆನ್ಸ್ ಮಾಮ್ ಈಗಲೂ ಪಂಪ್‌ವೆಲ್ ಹತ್ತಿರದ ಮನೆಯ ಜಗಲಿಯಲ್ಲಿ ಅದನ್ನೇ ಮಾಡುತ್ತಾರೆ. ಬೇಸ್ ಚರ್ಚಿನದ್ದು, ಆದರೆ ಅದಕ್ಕೆ ಕೆಮ್ಮು ಬಂದರೆ ಔಷಧ ಕೊಟ್ಟದ್ದು ಈ ಇಬ್ಬರೇ.

ಕ್ಲಾರಾ ಎಂಬ ಜರ್ಮನ್ ಬೇಸ್ ವಾದಕಿ ಕೆಲವು ತಿಂಗಳು ಮಂಗಳೂರಿನಲ್ಲಿ ಸಂಗೀತ ಕಲಿಸಲು ಬಂದಿದ್ದಳು. ಅಟ್ಟಳಿಗೆ ಹತ್ತಿ ಬೇಸ್‌ನ ಹೊರಗೆ ಒಳಗೆ ಎಲ್ಲ ಫೋಟೋ ತೆಗೆದು, ಲೈಪ್‌ಜಿಗ್ ನಗರದಲ್ಲಿ ನಡೆಯುವ ಬೇಸ್ ವಾದಕರ ಸಮ್ಮೇಳನಕ್ಕೆ ಕಳಿಸಿದಳು. ಅಲ್ಲಿನ ಪ್ರಾಚೀನ ವಾದ್ಯಗಳ ಸಭಾಂಗಣದಲ್ಲಿ ಇಡಲಿಕ್ಕೆ ಕರೆ ಬಂತು: ಈ ಬೇಸ್, ಜೊತೆಗೆ ಅದನ್ನು ನುಡಿಸಲು ಮಾಮ್ ಹತ್ತಿರ ಇದ್ದ ಎರಡು ಹಳೆಯ ಕಮಾನು. ಮಾಮ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಮಾತಾಡಲು ಜನ ಬೇಕು. ಮಾತಾಡುವುದು ನನ್ನ ಕೆಲಸ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು, ಈಗ ಮಕ್ಕಳಿಗೂ ಅದನ್ನೇ ಕಲಿಸುತ್ತೇನೆ.

ಚರ್ಚ್ ಸಮಿತಿಯ ಕಾರ್ಯದರ್ಶಿ ಒಪ್ಪಿಗೆಯ ಜೊತೆ ಒಂದು ಷರತ್ತು ಹಾಕಿದರು. "ಅಲ್ಲಿಯವರು ಹಳೆಯದು ಅಂತ ಒಪ್ಪಿ ಪ್ರದರ್ಶನಕ್ಕೆ ಇಟ್ಟರೆ ಅದರ ಜಾಗದಲ್ಲಿ ಅದು ಇರಲಿ ಲಾರೆನ್ಸ್. ಇಲ್ಲದಿದ್ದರೆ ಆ ಮೂಲೆ ನಮಗೆ ಸ್ಪೀಕರಿಗೆ ಬೇಕು. ಹೋಟೆಲಿನವರೊಬ್ಬರು ಗೋಡೆಗೆ ತೂಗುಹಾಕ್ಲಿಕ್ಕೆ ಕೇಳಿದ್ದಾರೆ." ಮಾಮ್ ಟೋಪಿ ಹಾಕಿಕೊಂಡು ಎದ್ದು ಬಂದರು.

ಮನೆಗೆ ಬಂದ ಮೇಲೆ ಮಾಮ್ ಪ್ರದರ್ಶನದ ಪರಿಚಯ ಚೀಟಿಗೆ ಒಂದು ವಾಕ್ಯ ಹೇಳಿ ನನ್ನಿಂದ ಬರೆಸಿದರು: ಇಟಲಿಯ ದೊಡ್ಡ ಕುಶಲಕರ್ಮಿಯ ಕೆಲಸ. ನಾನು ಪೆನ್ನು ಕೆಳಗಿಟ್ಟೆ.

"ಇಟಲಿ ಅಂತ ಯಾರು ಹೇಳಿದ್ದು ಮಾಮ್?"

"ಒಳಗೆ ಅಚ್ಚು ಹಾಕಿದ ಕಾಗದ ಅಂಟಿಸಿದ್ದು ಉಂಟಲ್ಲ."

"ನಾನು ನನ್ನ ಸ್ಕೂಟರಿಗೆ ಇಟಲಿ ಅಂತ ಸ್ಟಿಕ್ಕರ್ ಅಂಟಿಸಿದರೆ?"

"ನಿನ್ನ ಅಜ್ಜನೂ ಅದನ್ನೇ ಹೇಳ್ತಿದ್ದದ್ದು."

"ಅಜ್ಜನಿಗೆ ಯಾರು ಹೇಳಿದ್ದು?"

ಆಧಾರ ಇಲ್ಲದ್ದನ್ನು ಬರೆಯುವುದಿಲ್ಲ ಎಂದು ಆ ವಾಕ್ಯ ಹೊಡೆದು ಹಾಕಿದೆ. ಹೊಡೆದು ಹಾಕಿದ ಸಾಲನ್ನೇ ನೋಡುತ್ತಾ ಮಾಮ್ ಕೇಳಿದರು: "ಮತ್ತೆ ಅವರಿಗೆ ತೋರಿಸ್ಲಿಕ್ಕೆ ಎಂತ ಉಂಟು, ಪ್ರೀಮಾ ಬಾಯೆ?"

"ವಸ್ತುವೇ ಉಂಟಲ್ಲ. ಕಣ್ಣಿನಲ್ಲಿ ನೋಡಿ ಅವರೇ ತೀರ್ಮಾನ ಮಾಡಲಿ."

ಅವರು ತಲೆ ಆಡಿಸಿದರು. ವಾದ ಮುಗಿಯಿತು ಎಂದುಕೊಂಡು ನಾನು ಹೋಗಿ ಚಹಾ ಕುಡಿದೆ.

ಬೇಸ್‌ಗೆ ಪ್ಲೈವುಡ್ ಪೆಟ್ಟಿಗೆ ಮಾಡಿದ್ದು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ. ಗೇರುಬೀಜದ ಕಾರ್ಖಾನೆಗಳಿಗೆ ಯಂತ್ರ ಪ್ಯಾಕ್ ಮಾಡುವವರು. ಪಕ್ಕದಲ್ಲೇ ಕಪಾಟು, ಮಂಚಗಳಿಗೆ ಪಾಲಿಶ್ ಹೊಡೆಯುವ ಶೆಡ್. ಬೇಸ್ ಅಲ್ಲಿ ಒಂದು ವಾರ ಇತ್ತು. ನಾನು ಹೋಗುವಾಗ ಪೆಟ್ಟಿಗೆಗೆ ಸ್ಕ್ರೂ ಬಿಗಿದಾಗಿತ್ತು.

ನಂತೂರು

ಪೆಟ್ಟಿಗೆಯನ್ನು ಬೆಂಗಳೂರಿನ ವಿಮಾನಕ್ಕೆ ಮುಟ್ಟಿಸಲು ಪಿಕಪ್ ಗಾಡಿ. ನಂತೂರಿನಲ್ಲಿ ಎರಡು ಲಾರಿಗಳ ನಡುವೆ ಅಲ್ಲಾಡದೆ ನಿಂತಿದ್ದೆವು. ಆರಡಿಗೂ ಮೀರಿದ ಪೆಟ್ಟಿಗೆ ನೋಡಿ ಪಕ್ಕದ ಬೈಕಿನವನು ಹೆಲ್ಮೆಟ್ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಮಾಮ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸತ್ತಿಲ್ಲ ಮಾರಾಯ, ಫಾರಿನ್‌ಗೆ ಹೋಗುವುದು" ಎಂದರು. ಅವನಿಗೆ ಏನು ಅರ್ಥವಾಯಿತೋ, ಈ ಸಲ ಕೈಯನ್ನೂ ಮುಗಿದ.

ಹಿಂದಿನಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಹೊಸ ಪ್ಲೈವುಡ್ ಅಲ್ವಾ ಎಂದುಕೊಂಡೆ. ಎಲ್ಲದಕ್ಕೂ ಆಧಾರ ಕೇಳುವವಳು ಮೂಗಿಗೆ ಬಂದ ಆಧಾರವನ್ನು ಬಿಟ್ಟುಬಿಟ್ಟೆ.

ಫ್ರಾಂಕ್‌ಫರ್ಟ್

ಪೆಟ್ಟಿಗೆ ಬೇರೆ ದಾರಿಯಲ್ಲಿ, ನಾವು ಬೇರೆ ದಾರಿಯಲ್ಲಿ. ಕಮಾನುಗಳ ಚೀಲ ಮತ್ತು ಮಾಮ್‌ನ ಸಲಕರಣೆಯ ಚೀಲ ನಮ್ಮ ಜೊತೆಗಿದ್ದವು. ಫ್ರಾಂಕ್‌ಫರ್ಟಿನ ಕಸ್ಟಮ್ಸ್‌ನಲ್ಲಿ ಎರಡನ್ನೂ ಬಿಚ್ಚಿಸಿದರು.

ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಕಮಾನಿನ ತುದಿಯ ಬಿಳಿ ಬಿಲ್ಲೆಗೆ ಬೆರಳಿಟ್ಟು, "ದಂತವೇ?" ಎಂದಳು. ಹಳೆಯ ಕಮಾನುಗಳಲ್ಲಿ ಆನೆದಂತ ಇರುತ್ತದೆ, ಕಾಗದ ಇಲ್ಲದೆ ತಂದರೆ ಅಲ್ಲೇ ವಶ. ನಾನು ಗಂಟಲು ಸರಿ ಮಾಡಿಕೊಂಡು ಮೂರು ಅಂಶಗಳ ಉತ್ತರ ಶುರು ಮಾಡಿದೆ. ಮೊದಲನೆಯ ಅಂಶ ಮುಗಿಯುವ ಮೊದಲೇ ಮಾಮ್ ತಮ್ಮ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು: "ಮೇಡಂ, ಇದು ದನದ ಮೂಳೆ. ಆದಿತ್ಯವಾರದ ಸೂಪಿನದ್ದು. ಸೂಪು ನಾವು ಕುಡಿದದ್ದು, ಮೂಳೆ ಕಮಾನಿಗೆ ಹಾಕಿದ್ದು."

ಅವಳು ನಗಲಿಲ್ಲ. ಭೂತಗನ್ನಡಿ ತಂದು ನೋಡಿದಳು. ದಂತದಲ್ಲಿ ಬಲೆಯ ಹಾಗೆ ಗೆರೆ ಇರುತ್ತದಂತೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ. ಚುಕ್ಕೆ ಕಂಡಿತು. "ಸೂಪ್" ಎಂದು ಮಾತ್ರ ಹೇಳಿ ಕಮಾನು ವಾಪಸು ಕೊಟ್ಟಳು. ಆ ಕಮಾನಿನ ಕೋಲು ವಿಪರೀತ ಹೊಳೆಯುತ್ತಿತ್ತು. ಮಾಮ್ ಕೊಬ್ಬರಿ ಎಣ್ಣೆಯಲ್ಲಿ ಒರೆಸಿರಬೇಕು ಎಂದುಕೊಂಡೆ.

ಆಮೇಲೆ ಅವಳು ಇನ್ನೊಂದು ಚೀಲದಿಂದ ಒಂದು ಉದ್ದದ ಕಬ್ಬಿಣದ ಕಡ್ಡಿ ಎಳೆದಳು. ಹಳೆಯ ಕೊಡೆಯ ಕಡ್ಡಿ, ತುದಿಗೆ ದಾರ ಸುತ್ತಿ ಕಟ್ಟಿದ ಮೋಟು ಪೆನ್ಸಿಲ್. ಇದೇನು ಎಂದು ಹುಬ್ಬಿನಲ್ಲೇ ಕೇಳಿದಳು.

ಅದು ಅಜ್ಜನ ಕಾಲದ್ದು. ಅವರದ್ದೊಂದು ಪದ್ಧತಿ. ವಾದ್ಯ ರಿಪೇರಿ ಮಾಡಿದರೆ ಅದರ ಹೊಟ್ಟೆಯೊಳಗೆ ಬರೆಯಬೇಕು: ಏನಾಗಿತ್ತು, ಏನು ಹಾಕಿದ್ದು, ಯಾಕಾಗಿತ್ತು. ಬೇಸ್‌ನ ಮುಂಬದಿಯಲ್ಲಿ ಎರಡು ಉದ್ದನೆಯ ಬಳುಕಿದ ಕಂಡಿಗಳಿರುತ್ತವೆ. ಅದರಲ್ಲಿ ಕೈ ಹೋಗುವುದಿಲ್ಲ, ಕೊಡೆಯ ಕಡ್ಡಿ ಹೋಗುತ್ತದೆ. ಇಷ್ಟನ್ನು ನಾನು ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮಾಮ್‌ಗೆ ಕೊಟ್ಟಳು.

ಲೈಪ್‌ಜಿಗ್, ಮೊದಲ ದಿನ

ಬೇಸ್ ವಾದಕರು ವಿಚಿತ್ರ ಜನ. ಸಮ್ಮೇಳನದ ಕಟ್ಟಡದ ಓಣಿಗಳಲ್ಲಿ ಎಲ್ಲೆಂದರಲ್ಲಿ ಬೇಸ್‌ಗಳನ್ನು ಒಂದು ಮಗ್ಗುಲಿಗೆ ಮಲಗಿಸಿ ಕಾಫಿಗೆ ಹೋಗುತ್ತಾರೆ. ಕೆಸರಿನಿಂದ ಎದ್ದು ಬಂದ ಎಮ್ಮೆಗಳು ಮಲಗಿದ ಹಾಗೆ ಕಾಣುತ್ತದೆ. ಯಾರೂ ಕಾಯುವುದಿಲ್ಲ, ಯಾರೂ ಎಡವುವುದೂ ಇಲ್ಲ. ನಮ್ಮಲ್ಲಿ ಮದುವೆ ಮನೆಯ ಹೊರಗೆ ಬಿಟ್ಟ ಚಪ್ಪಲಿಗೂ ಇಷ್ಟು ಧೈರ್ಯ ಇರುವುದಿಲ್ಲ.

ಪ್ರಾಚೀನ ವಾದ್ಯಗಳ ಸಭಾಂಗಣ ಮಾತ್ರ ಬೇರೆ. ಅಲ್ಲಿ ನೋಡುವವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗುತ್ತಾರೆ. ಪ್ರತಿ ಮೇಜಿನ ಮೇಲೂ ಮುಟ್ಟಬೇಡಿ ಎಂಬ ಫಲಕ. ನಮ್ಮ ಪಕ್ಕದ ಮೇಜಿನಲ್ಲಿ ಪೋಲೆಂಡಿನ ಒಬ್ಬ ಮುದುಕ ಹನ್ನೆರಡು ಕಮಾನುಗಳನ್ನು ವೆಲ್ವೆಟ್ಟಿನ ಮೇಲೆ ಸಾಲಾಗಿ ಇಟ್ಟು, ತಾನೂ ಕೈ ಕಟ್ಟಿ ಕೂತಿದ್ದ. ಅವನ ಕಮಾನುಗಳು ಮಂಕು. ಅವನ ಹಿಂದಿದ್ದ ಬೇಸ್ ಇನ್ನೂ ಮಂಕು: ಅಲ್ಲಲ್ಲಿ ಬಣ್ಣ ಹೋಗಿ, ಮುಟ್ಟಿ ಮುಟ್ಟಿ ಸವೆದು, ನೂರು ಗೆರೆ.

ಅಲ್ಲಿ ನಾವು ಪೆಟ್ಟಿಗೆ ಬಿಚ್ಚಿದೆವು.

ಮಾಮ್ ಒಳಗೆ ತೂಗುಹಾಕಿದ್ದ ಬೈರಾಸನ್ನು ಮೊದಲು ತೆಗೆದರು. ಒಣ ಹವೆಗೆ ಮರ ಬಿರಿಯಬಾರದು ಎಂದು ಒದ್ದೆ ಮಾಡಿ ಇಟ್ಟದ್ದು, ಸ್ನಾನ ಮಾಡಿ ಮೈ ಒರೆಸುವ ತೆಳು ಟವೆಲು. ಆಮೇಲೆ ಬೇಸ್ ಹೊರಗೆ ಬಂತು. ಹೊಸ ಕಪಾಟಿನ ಹಾಗೆ ಫಳಫಳ. ಅದರ ಹೊಟ್ಟೆಯಲ್ಲಿ ಸಭಾಂಗಣದ ದೀಪಗಳೆಲ್ಲ ಕಾಣುತ್ತಿದ್ದವು. ನನ್ನ ಮುಖವೂ ಕಂಡಿತು.

"ಮಾಮ್, ಇದು ಎಂತ ಮಾಡಿದ್ದು?"

"ಪಾಲಿಶ್. ಮೂರು ಕೈ." ಅವರ ದನಿಯಲ್ಲಿ ಹೆಮ್ಮೆ ಇತ್ತು. "ಕಮಾನಿಗೂ ಒಂದು ಕೈ. ನೀನೇ ಹೇಳಿದ್ದಲ್ವಾ, ಕಣ್ಣಿನಲ್ಲಿ ನೋಡಿ ತೀರ್ಮಾನ ಮಾಡ್ತಾರೆ ಅಂತ. ಇಟಲಿ ಅಂತ ಹೇಳ್ಲಿಕ್ಕೆ ನೀನು ಬಿಡ್ಲಿಲ್ಲ. ಮತ್ತೆ ಹಾಗೇ ಕೊಳಕಾಗಿ ತರ್ಲಿಕ್ಕೆ ಆಗ್ತದಾ?"

ನಾನು ಅವರಿಗೆ ಬೈಯಲಾರದೆ ನಿಂತೆ. ಯಾಕೆಂದರೆ ನಾವು ಹಾಗೆಯೇ. ಚರ್ಚಿನ ಹಬ್ಬ ಫೆಸ್ತ್ ಬಂತೆಂದರೆ ಅಲ್ಲಿನ ಸಂತರ ಪ್ರತಿಮೆಗಳಿಗೆಲ್ಲ ಹೊಸ ಬಣ್ಣ. ಮಗಳ ಮದುವೆ ಅಂದರೆ ಮೊದಲು ಮನೆಗೆ ಸುಣ್ಣ. ಆರ್‌ಟಿಒ ತಪಾಸಣೆಗೆ ಹೋಗುವ ಸಿಟಿ ಬಸ್ಸು ಸಹ ಪೇಂಟ್ ಹೊಡೆಸಿಕೊಂಡೇ ಹೋಗುತ್ತದೆ. ನಾಲ್ಕು ಜನರ ಮುಂದೆ ಒಂದು ವಸ್ತುವನ್ನು ಇದ್ದ ಹಾಗೆಯೇ ಇಟ್ಟರೆ ಅದು ನೋಡುವವರಿಗೆ ಅವಮಾನ. ಹಳೆಯ ವಾದ್ಯದ ಪ್ರಾಣ ಅದರ ಸವೆದ ಮೈಯಲ್ಲೇ ಇದೆ ಎಂದು ಜರ್ಮನಿಯಲ್ಲಿ ನಂಬುತ್ತಾರೆ ಎಂಬುದು ನನಗೂ ಆ ಪೋಲೆಂಡಿನವನ ಮೇಜು ನೋಡಿದ ಮೇಲೆಯೇ ಹೊಳೆದದ್ದು. ಮಾಮ್‌ಗೆ ಯಾರು ಹೇಳಬೇಕಿತ್ತು? ಮೊದಲೇ ವಿಚಾರಿಸಿ ಹೇಳಬೇಕಾದವಳು ಚಹಾ ಕುಡಿಯುತ್ತಿದ್ದಳು.

ಮಧ್ಯಾಹ್ನ ತಪಾಸಣೆಗೆ ಉರ್ಸುಲಾ ಬಂದರು. ಅರವತ್ತು ದಾಟಿದವರು, ಜೀವನವಿಡೀ ಬೇಸ್ ರಿಪೇರಿ ಮಾಡಿದವರು. ಈ ಸಭಾಂಗಣದಲ್ಲಿ ಏನು ಇರಬೇಕು, ಏನು ಹೋಗಬೇಕು ಎಂದು ತೀರ್ಮಾನಿಸುವುದು ಅವರೇ. ಕೈಯಲ್ಲಿ ಕ್ಲಾರಾ ಕಳಿಸಿದ ಫೋಟೋಗಳು. ಒಮ್ಮೆ ಫೋಟೋ ನೋಡಿದರು, ಒಮ್ಮೆ ಬೇಸ್ ನೋಡಿದರು.

"ಇದು ಆ ವಾದ್ಯ ಅಲ್ಲ," ಎಂದರು. "ಹೊಸ ವಾದ್ಯಗಳ ಮಾರಾಟ ಕೆಳಗಿನ ಮಹಡಿಯಲ್ಲಿ."

ನಾನು ಮಾಮ್‌ಗೆ ಹೇಳಿದೆ. ಅವರ ಮುಖದಲ್ಲಿದ್ದ ಹೆಮ್ಮೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒದ್ದೆ ಬೈರಾಸನ್ನು ಮಡಚತೊಡಗಿದರು. ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ನಾನು ವಾದಕ್ಕೆ ಇಳಿದೆ. ಎರಡು ಬೇಸ್ ತಂದು ಅದಲು ಬದಲು ಮಾಡುವ ಶಕ್ತಿ ನಮಗೆಲ್ಲಿಂದ ಬರಬೇಕು, ವಂಚಿಸುವವರು ಗುರುತು ಸಿಗದ ಹಾಗೆ ಮಾಡಿ ತರುತ್ತಾರೆಯೇ, ಹೀಗೆ ಐದು ನಿಮಿಷ ಮಾತಾಡಿದೆ. ಉರ್ಸುಲಾ ಒಂದೇ ಒಂದು ಬಾರಿಯೂ ಅಡ್ಡ ಬರಲಿಲ್ಲ. ಇದು ಅಲ್ಲಿನವರ ಅಭ್ಯಾಸ, ಮಾತು ಮುಗಿಯುವವರೆಗೂ ಸುಮ್ಮನೆ ಕೇಳುತ್ತಾರೆ. ಊರಿನಲ್ಲಿ ನನ್ನ ಎರಡನೆಯ ವಾಕ್ಯಕ್ಕೇ ಯಾರಾದರೂ ಬಾಯಿ ಹಾಕುತ್ತಾರೆ, ಅದನ್ನು ಹಿಡಿದೇ ನಾನು ಮೇಲೆ ಹತ್ತುವುದು. ಇಲ್ಲಿ ಹಿಡಿಯಲು ಏನೂ ಸಿಗದೆ ನನ್ನ ವಾದ ತಾನಾಗಿಯೇ ನಿಂತಿತು.

"ಸರಿ," ಎಂದರು ಅವರು. "ಆಧಾರ ಏನಿದೆ?"

ಆ ಪ್ರಶ್ನೆಯನ್ನು ನಾನು ಎಷ್ಟೋ ಜನರಿಗೆ ಕೇಳಿದ್ದೇನೆ. ಅದು ನನ್ನ ಕಡೆಗೇ ತಿರುಗಿ ಬಂದದ್ದು ಇದೇ ಮೊದಲು.

ಆಗ ಮಾಮ್ ಬೈರಾಸು ಕೆಳಗಿಟ್ಟು ಕೊಂಕಣಿಯಲ್ಲಿ ನನ್ನ ಹತ್ತಿರ ಮೆಲ್ಲ ಕೇಳಿದರು: "ಆ ಹುಡುಗಿ ಕ್ಲಾರಾ ಒಳಗಿನ ಫೋಟೋ ಸಹ ತೆಗೆದಿದ್ದಳಲ್ಲ? ಒಳಗೆ ನಾನು ಪಾಲಿಶ್ ಹೊಡೀಲಿಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಉರ್ಸುಲಾ ಫೋಟೋಗಳನ್ನು ತಿರುವಿದರು. ಇತ್ತು. ಕಂಡಿಯ ಮೂಲಕ ತೆಗೆದದ್ದು, ಮಸುಕಾಗಿ ಪೆನ್ಸಿಲಿನ ಅಕ್ಷರಗಳು. ಅವರು ಅದನ್ನು ಮರದ ಗೆರೆ ಎಂದುಕೊಂಡಿದ್ದರಂತೆ. ತುದಿಯಲ್ಲಿ ದೀಪ ಇರುವ ತೆಳ್ಳನೆಯ ಕ್ಯಾಮೆರಾ ತಂದು ಬೇಸ್‌ನ ಹೊಟ್ಟೆಯೊಳಗೆ ಇಳಿಸಿದರು. ಪರದೆಯ ಮೇಲೆ ಬಣ್ಣವಿಲ್ಲದ, ಧೂಳು ಹಿಡಿದ, ಕಂದು ಮರ ಕಂಡಿತು. ಒಂದು ಕಡೆ ಹಳದಿ ಮರದ ತೇಪೆ. ಅದರ ಪಕ್ಕದಲ್ಲಿ ಅಜ್ಜನ ದುಂಡನೆಯ ಕನ್ನಡ ಅಕ್ಷರ. ಫೋಟೋದಲ್ಲಿದ್ದ ಅದೇ ತೇಪೆ, ಅದೇ ಅಕ್ಷರ.

"ಏನು ಬರೆದಿದೆ?" ಉರ್ಸುಲಾ ಕೇಳಿದರು. ನಾನು ಓದಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ.

ಹಿಂಬದಿ ಬಿರುಕು. ಹಲಸಿನ ತುಂಡು, ಮೀನಿನ ಅಂಟು. ಕಾರಣ: ಬೇಸಗೆಯಲ್ಲಿ ಕಿಟಕಿಯ ಬಿಸಿಲು. ಪೀಟರ್.

ಕುತ್ತಿಗೆ ಸಡಿಲ. ಮೀನಿನ ಅಂಟು. ಕಾರಣ: ಇಳಿಸುವಾಗ ಬೀಳಿಸಿದ್ದು ನಾನೇ. ಪೀಟರ್.

ಬದಿಯ ಜೋಡಣೆ ಬಿಟ್ಟದ್ದು. ಕಾರಣ: ಮಳೆಗೆ ಮಾಡು ಸೋರಿದ್ದು, ನಾನು ನೋಡಲಿಲ್ಲ. ಲಾರೆನ್ಸ್.

"ಮೀನಿನ ಅಂಟು?"

ಅದಕ್ಕೆ ಮಾಮ್ ತಾವೇ ಉತ್ತರಿಸಿದರು. ದೋಣಿಯಿಂದ ಮೀನು ಇಳಿಸುವ ದಕ್ಕೆಯಲ್ಲಿ ದೊಡ್ಡ ಮೀನಿನ ಹೊಟ್ಟೆಯ ಗಾಳಿಚೀಲ ಕೇಳಿ ತರುವುದು, ಒಣಗಿಸುವುದು, ನೀರಿನಲ್ಲಿ ಮೆಲ್ಲನೆ ಕಾಯಿಸುವುದು. ಅರ್ಧ ಮಾತು, ಅರ್ಧ ಕೈಸನ್ನೆ. ಉರ್ಸುಲಾ ತಲೆಯಾಡಿಸಿದರು, ಅವರೂ ಮೀನಿನ ಅಂಟೇ ಬಳಸುವುದಂತೆ. ಬೇರೆ ಮೀನು.

"ನಾವು ಸಹ ಒಳಗೆ ಹೆಸರು ಬರೆಯುತ್ತೇವೆ," ಎಂದರು. "ತಪ್ಪು ಯಾರದ್ದು ಎಂದು ಬರೆದದ್ದನ್ನು ನಾನು ನೋಡಿಲ್ಲ." ಆಮೇಲೆ ಪರದೆಯನ್ನು ಇನ್ನೊಮ್ಮೆ ನೋಡಿ, "ಪಾಲಿಶ್ ವಿಷಯ ಇಲ್ಲಿ ಯಾಕೆ ಇಲ್ಲ?"

ಮಾಮ್ ಹೇಳಿದರು: "ಅದು ರಿಪೇರಿ ಅಂತ ನಾನು ಎಣಿಸ್ಲಿಲ್ಲ. ಬಟ್ಟೆ ಹಾಕಿದ ಹಾಗೆ ಅಂತ ಎಣಿಸಿದೆ."

ಎರಡನೆಯ ದಿನ

ಉರ್ಸುಲಾ ಬೇಸನ್ನು ಸಭಾಂಗಣದಲ್ಲಿ ಇರಗೊಟ್ಟರು. ಕುತ್ತಿಗೆಯ ಜೋಡಣೆ, ಒಳಗಿನ ಉಳಿಯ ಗುರುತು ಎಲ್ಲ ನೋಡಿ, ನೂರು ವರ್ಷ ಮೀರಿದ್ದು ಖಂಡಿತ ಎಂದರು. ಈಗಿನ ಚೆಕ್ ದೇಶದ ಬೊಹೆಮಿಯಾ ಕಡೆಯ ಕೆಲಸ ಇರಬಹುದು, ಯಾರದ್ದೆಂದು ಹೇಳಲಾಗದು. ಒಳಗಿನ ಇಟಲಿಯ ಕಾಗದವನ್ನು ವ್ಯಾಪಾರಿಗಳು ಅಂಟಿಸಿದ್ದು, ಅಂಥದ್ದನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಅಂದರೆ ಆ ವಾದದಲ್ಲಿ ನಾನು ಹೇಳಿದ್ದು ಸರಿಯಾಗಿತ್ತು. ಮಾಮ್ ನನ್ನ ಕಡೆ ನೋಡಿ, "ಆಯಿತಲ್ಲ, ನೀನು ಗೆದ್ದೆ" ಎಂದರು. ಗೆದ್ದ ಮೇಲೆ ಏನು ಮಾಡಬೇಕೆಂದು ಯಾವ ಸ್ಪರ್ಧೆಯಲ್ಲೂ ಹೇಳಿಕೊಡುವುದಿಲ್ಲ. ಹೋಗಿ ಅವರಿಗೆ ಕಾಫಿ ತಂದೆ.

ಬೆಳಿಗ್ಗೆ ಹೊಸ ಪರಿಚಯ ಚೀಟಿ ಬರೆದೆವು. ತಯಾರಿಸಿದವರು: ಗೊತ್ತಿಲ್ಲ. ನುಡಿಸಿದ್ದು: ಮಂಗಳೂರಿನ ಒಂದು ಚರ್ಚಿನಲ್ಲಿ. ಕೆಳಗೆ ಒಳಗಿನ ಮೂರು ಬರಹಗಳ ಅನುವಾದ. ಹೊರಮೈ ಹೊಸದಾಗಿ ಪಾಲಿಶ್ ಆಗಿದೆ ಎಂದು ಬರೆಯಲೇಬೇಕು ಎಂಬುದು ಉರ್ಸುಲಾರ ಷರತ್ತು. ನಾನು ಅದನ್ನು ಸಣ್ಣ ಅಕ್ಷರದಲ್ಲಿ ಬರೆದೆ. ಮಾಮ್ ಚೀಟಿ ತೆಗೆದುಕೊಂಡು, "ಇದನ್ನು ಸಹ ಅಷ್ಟೇ ದೊಡ್ಡಕ್ಕೆ ಬರಿ" ಎಂದರು.

ಜನ ಬಂದರು, ಕೈ ಹಿಂದೆ ಕಟ್ಟಿಕೊಂಡು ಬಾಗಿದರು, ಹೊಳಪು ನೋಡಿ ಹುಬ್ಬು ಗಂಟಿಕ್ಕಿದರು, ಚೀಟಿ ಓದಿ ಹುಬ್ಬು ಬಿಟ್ಟರು. ಮಾಮ್‌ಗೆ ಆ ಕಟ್ಟಿದ ಕೈಗಳನ್ನು ನೋಡಲಾಗಲಿಲ್ಲ. "ಎಂತದ್ದು ಇದು, ಆಸ್ಪತ್ರೆಗೆ ಬಂದ ಹಾಗೆ. ಮುಟ್ಟಿ ಅಂತ ಹೇಳು ಮಾರಾಯ್ತಿ. ಪಾಲಿಶ್ ಹೇಗೂ ಹೊಸತು, ಹಾಳಾಗ್ಲಿಕ್ಕೆ ಎಂತ ಉಂಟು?" ಎಂದು ಫಲಕವನ್ನು ಮಗುಚಿ ಇಟ್ಟರು.

ಮೊದಲು ಮುಟ್ಟಿದ್ದು ಪೋಲೆಂಡಿನ ಮುದುಕ. ತನ್ನ ಹನ್ನೆರಡು ಕಮಾನು ಬಿಟ್ಟು ನಮ್ಮ ಸೂಪಿನ ಕಮಾನನ್ನೇ ಎತ್ತಿಕೊಂಡು ನುಡಿಸಿದ. ದನಿ ಬಂದದ್ದು ಹಳೆಯ ಹೊಟ್ಟೆಯಿಂದಲೇ, ಸ್ವಲ್ಪ ಕಟ್ಟಿಕೊಂಡ ಹಾಗೆ. ಪಾಲಿಶ್ ದಪ್ಪವಾದದ್ದಕ್ಕೆ ಹಾಗೆ ಎಂದು ಅವನು ಅಭಿಪ್ರಾಯ ಪಟ್ಟ. ನುಡಿಸುತ್ತಾ ಹೋದರೆ ಬಿಡುತ್ತದೆ ಎಂದ. ಇದಕ್ಕೆ ಆಧಾರ ಏನೆಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಸಂಜೆಯವರೆಗೂ ಒಬ್ಬರಲ್ಲ ಒಬ್ಬರು ನುಡಿಸಿದರು. ನಡುನಡುವೆ ಮಾಮ್ ಅದರ ಮೇಲೆ ಒದ್ದೆ ಬೈರಾಸು ಹೊದೆಸಿ, ಜ್ವರದ ಮಗುವನ್ನು ನೋಡುವ ಹಾಗೆ ಅಂಗೈ ಇಟ್ಟು ನೋಡುತ್ತಿದ್ದರು.

ಕೊನೆಯ ದಿನ

ಬೇಸ್, ಚೀಟಿ, ಸುತ್ತ ನಿಂತ ಜನ, ಎಲ್ಲ ಬರುವ ಹಾಗೆ ಫೋಟೋ ತೆಗೆದು ಚರ್ಚಿನ ಕಾರ್ಯದರ್ಶಿಗೆ ಕಳಿಸಿದ್ದೆ. ಪ್ಯಾಕ್ ಮಾಡುವ ಹೊತ್ತಿಗೆ ಉತ್ತರ ಬಂತು. ಮಾಮ್‌ಗೆ ಓದಿ ಹೇಳಿದೆ: "ಭಾರೀ ಚೆಂದ ಕಾಣ್ತದೆ. ಪಾಲಿಶ್ ಯಾರು ಮಾಡಿದ್ದು? ಎಲ್ಲರಿಗೂ ಹಿಡಿಸಿತು. ಮೂಲೆ ಅದಕ್ಕೇ ಇರಲಿ. ಅಟ್ಟಳಿಗೆಯ ಬೆಂಚುಗಳಿಗೆ ಸಹ ಅವನಿಂದಲೇ ಮಾಡಿಸುವ."

ಚೀಟಿ ಅವರು ಓದಿಯೇ ಇರಲಿಲ್ಲ. ನೂರು ವರ್ಷ, ಬೊಹೆಮಿಯಾ, ಉರ್ಸುಲಾ, ಯಾವುದೂ ಬೇಕಾಗಿರಲಿಲ್ಲ. ನಾನು ಇದನ್ನು ಮಾಮ್‌ಗೆ ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು. "ಮೂಲೆ ಸಿಕ್ಕಿತಲ್ಲ, ಬಿಡು." ಕನ್ನಡಕ ತೆಗೆದು ಬೈರಾಸಿನಲ್ಲಿ ಒರೆಸಿದರು. ಸುಮಾರು ಹೊತ್ತು ಒರೆಸಿದರು.

ಆಮೇಲೆ ಚೀಲದಿಂದ ಕೊಡೆಯ ಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟರು.

"ನೀವೇ ಬರೀರಿ ಮಾಮ್. ನನಗೆ ಅಭ್ಯಾಸ ಇಲ್ಲ."

"ಕಾರಣ ಗೊತ್ತಿದ್ದವರು ಬರೀಬೇಕು. ನಾನು ಹೇಳ್ತೇನೆ, ಬರಿ. ಹೊರಗೆ ಪಾಲಿಶ್, ಮೂರು ಕೈ. ಬೈಕಂಪಾಡಿ. ಕಾರಣ: ಲಾರೆನ್ಸನಿಗೆ ಗೊತ್ತಿರಲಿಲ್ಲ."

ಕಡ್ಡಿಯನ್ನು ಕಂಡಿಯಲ್ಲಿ ಇಳಿಸಿದೆ. ಒಳಗೆ ಏನೂ ಕಾಣುವುದಿಲ್ಲ, ಪೆನ್ಸಿಲ್ ಮರಕ್ಕೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ, ಅಷ್ಟೆ. ಒಂದೊಂದು ಅಕ್ಷರಕ್ಕೂ ಇಡೀ ತೋಳು ಅಲ್ಲಾಡಿಸಬೇಕು. ಪಾಲಿಶ್ ಬರೆದೆ. ಮೂರು ಕೈ ಬರೆದೆ. ಬೈಕಂಪಾಡಿ ಬರೆದೆ. ಕಾರಣ ಎಂದು ಬರೆದು ನಿಲ್ಲಿಸಿದೆ. ಅವರು ಹೇಳಿದ್ದು ಪೂರ್ತಿ ಸರಿಯಲ್ಲ. ಅದನ್ನು ಬಾಯಲ್ಲಿ ಹೇಳಿದ್ದರೆ ಮತ್ತೊಂದು ವಾದ ಆಗುತ್ತಿತ್ತು, ಅದನ್ನೂ ನಾನೇ ಗೆಲ್ಲುತ್ತಿದ್ದೆನೋ ಏನೋ. ಹಾಗಾಗಿ ಹೇಳದೆ ಬರೆದೆ.

"ಇಷ್ಟು ಹೊತ್ತು ಎಂತ ಬರಿಯುವುದು?"

"ಆಯಿತು."

ಮಾಮ್ ಟಾರ್ಚ್ ಹಾಕಿ ಕಂಡಿಗೆ ಕಣ್ಣಿಟ್ಟು ಓದಿದರು. ತುಟಿ ಮೆಲ್ಲಗೆ ಆಡುತ್ತಿತ್ತು. ಕಾರಣ: ಪ್ರೀಮಾ ವಾದ ಗೆದ್ದಳು, ವಿಷಯ ವಿಚಾರಿಸಿ ಹೇಳಲಿಲ್ಲ. ಕೆಳಗೆ ಎರಡು ಹೆಸರು, ಅವರದ್ದು ಮತ್ತು ನನ್ನದು.

ಟಾರ್ಚ್ ಆರಿಸಿ ಅವರು ನೆಟ್ಟಗಾದರು.

"ಅಕ್ಷರ ಸೊಟ್ಟ," ಎಂದರು. "ಪರವಾಗಿಲ್ಲ. ನನ್ನ ಮೊದಲನೆಯದ್ದು ಇದಕ್ಕಿಂತ ಸೊಟ್ಟ." ಬೈರಾಸನ್ನು ನಲ್ಲಿಯಲ್ಲಿ ಒದ್ದೆ ಮಾಡಿಕೊಂಡು ಬರಲು ನನ್ನನ್ನು ಕಳಿಸಿದರು.